ನಂದಿ ಮರದ ತೊಲೆ

ನಮ್ಮ ಮನೆಯ ಪಡಸಾಲೆಯ ನಟ್ಟನಡುವೆ ಒಂದು ಕಂಬವಿತ್ತು. ಮನೆ ಕಟ್ಟುವಾಗ ಅದು ಇರಲಿಲ್ಲ, ಆಮೇಲೆ ಬಂದು ಸೇರಿಕೊಂಡದ್ದು. ಅಪ್ಪ ಅದರ ಬುಡಕ್ಕೆ ಕಮಲದ ದಳ ಕೆತ್ತಿ, ತಲೆಗೆ ನಾಲ್ಕು ಗಿಳಿ ಕೂರಿಸಿ, ಎಣ್ಣೆ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದ. ಪರಸ್ಥಳದಿಂದ ಬಂದವರು ಅದರ ಮೈ ಸವರಿ ಹೊಗಳುತ್ತಿದ್ದರು. ಅಪ್ಪ ನಾಚಿಕೆಪಟ್ಟುಕೊಂಡವನ ಹಾಗೆ ತಲೆ ತಗ್ಗಿಸುತ್ತಿದ್ದ. ಅದು ಅಂದಕ್ಕೆ ನಿಂತ ಕಂಬವಲ್ಲ, ಮೇಲಿನ ತೊಲೆ ನಮ್ಮ ತಲೆಯ ಮೇಲೆ ಬೀಳದಿರಲಿ ಎಂದು ಕೊಟ್ಟ ಆಸರೆ ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ಮನೆಯಲ್ಲಿದ್ದದ್ದು ನಾವು ಮೂವರೇ, ಅಪ್ಪ, ಅವ್ವ, ನಾನು. ಊಟಕ್ಕೆ ಕೂತಾಗ ಕಂಬದ ಆಚೆ ಅಪ್ಪ, ಈಚೆ ನಾನು. ನನಗೆ ಅವನ ಮಣಿಕಟ್ಟು ಮತ್ತು ಮುದ್ದೆ ಮುರಿಯುವ ಬೆರಳು ಮಾತ್ರ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ಆ ಕಂಬದಿಂದ ನನಗಾದ ಉಪಕಾರ ಅದೊಂದೇ.

ಅಪ್ಪ ಬಡಗಿ. ಆಲೂರು ತಾಲ್ಲೂಕಿನ ಪಾಳ್ಯದಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿನಲ್ಲಿ ಉಳಿ, ಬಾಚಿ ಹಿಡಿದವರು ಬೇರೆಯವರೂ ಇದ್ದರು. ಆದರೆ ಮರ ನೋಡಲು ಅಪ್ಪನೇ ಬೇಕಿತ್ತು. ಕಾಫಿಗೆ ಒಳ್ಳೆಯ ಬೆಲೆ ಬಂದ ಕಾಲ ಅದು. ಆಲೂರಿನಿಂದ ಸಕಲೇಶಪುರದ ಆಚೆಯವರೆಗೆ ಎಲ್ಲರಿಗೂ ಮನೆ ಕಟ್ಟುವ ಹುರುಪು. ಸಿಮೆಂಟಿನ ಮನೆ ಕಟ್ಟಿದವರಿಗೂ ಮುಂದಿನ ಪಡಸಾಲೆಯಾದರೂ ತೊಲೆ, ಹೆಂಚು ಇರಬೇಕೆಂಬ ಆಸೆ. ಕೊಯ್ಯಿಸಿ ತಂದ ಮರ ಭಾರ ತಡೆಯುತ್ತದೋ ಇಲ್ಲವೋ ಎಂದು ಹೇಳಲು ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನು ಹೋಗಿ ಮೊದಲು ಮರವನ್ನು ಸುಮ್ಮನೆ ಒಂದು ಸುತ್ತು ಬರುತ್ತಿದ್ದ. ಚಕ್ಕೆ ಎಬ್ಬಿಸಿ ಮೂಸಿ, ಅಗಿದು, ಉಗುಳುತ್ತಿದ್ದ. ಒಂದೇ ಅಳತೆಯ ಎರಡು ತುಂಡುಗಳನ್ನು ಎರಡು ಅಂಗೈಯಲ್ಲಿಟ್ಟು ತೂಗುತ್ತಿದ್ದ. ಎಳೆ ನೆಟ್ಟಗೆ ಓಡಿದೆಯೋ ತಿರುಚಿದೆಯೋ, ಬಿರುಕು ಮೇಲಿನದೋ ಒಳಗಿನದೋ, ಗಂಟು ಎಲ್ಲಿದೆ, ಎಲ್ಲ ನೋಡುತ್ತಿದ್ದ. ತೊಲೆಯ ಕೆಳಮೈಗೆ ಗಂಟು ಬರಬಾರದು ಎನ್ನುವುದನ್ನು ನನಗೆ ಏಳನೇ ವಯಸ್ಸಿಗೇ ಕಲಿಸಿದ್ದ. ಭಾರ ಬಿದ್ದಾಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆದುಕೊಳ್ಳುತ್ತದೆ, ಎಳೆದುಕೊಳ್ಳುವ ಕಡೆ ಗಂಟಿದ್ದರೆ ಅಲ್ಲಿಂದಲೇ ಬಿಡುತ್ತದೆ. ತೋಟದ ನೆರಳಿಗೆ ನೆಟ್ಟ ಮೆದು ಸಿಲ್ವರ್ ಮರವನ್ನು ತೊಲೆಗೆ ಹಾಕುತ್ತೇವೆ ಅಂದವರನ್ನು ಅವನು ಬೈಯುತ್ತಿದ್ದ ರೀತಿ ನೋಡಿದರೆ, ಅವರು ಅವನ ಮಗಳನ್ನೇ ಆ ತೊಲೆಯ ಕೆಳಗೆ ಮಲಗಿಸಲು ಹೊರಟಿದ್ದಾರೆ ಅನ್ನಿಸಬೇಕು. ಈಗ ಆ ಬೈಗುಳ ನೆನಪಾದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ಎಲ್ಲಕ್ಕೂ ಕೊನೆಯದು ಕಿವಿ ಇಡುವ ಪರೀಕ್ಷೆ. ಮರದ ಒಂದು ತುದಿಗೆ ಕಿವಿ ಒತ್ತಿ ಕೂರಬೇಕು. ಇನ್ನೊಂದು ತುದಿಯಲ್ಲಿ ಒಬ್ಬರು ಮೊದಲು ಮೊಳೆಯಿಂದ ಗೀರಬೇಕು, ಆಮೇಲೆ ಕೊಡತಿಯಿಂದ ಮೆಲ್ಲಗೆ ಹೊಡೆಯಬೇಕು. ಮರ ಗಟ್ಟಿಯಾಗಿದ್ದರೆ ಗೀರಿದ ಸದ್ದು ಹದಿನೈದು ಅಡಿ ದಾಟಿ ಬಂದು ಕಿವಿಯ ಬುಡದಲ್ಲೇ ಗೀರಿದಂತೆ ಕೇಳುತ್ತದೆ. ಒಳಗೆ ತಿರುಳು ಕೊಳೆತಿದ್ದರೆ ಸದ್ದು ದಾರಿಯಲ್ಲೇ ಎಲ್ಲೋ ಉಳಿದುಬಿಡುತ್ತದೆ. ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಈ ಪರೀಕ್ಷೆಯಲ್ಲಿ ಮರ ಸುಳ್ಳು ಹೇಳಲಾರದು. ಅಪ್ಪನಿಗೆ ಹೆಸರು ತಂದುಕೊಟ್ಟದ್ದೇ ಇದು. ಅವನು ಕಣ್ಣು ಮುಚ್ಚಿ ಕಿವಿ ಇಟ್ಟರೆ ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಿದ್ದರಂತೆ. ನಾನು ಅದನ್ನು ಕಂಡವಳಲ್ಲ. ನಾನು ಅವನ ಜೊತೆ ಹೋಗುವ ಹೊತ್ತಿಗೆ ಅವನಿಗೆ ಕಿವಿ ಹೋಗಿತ್ತು.

ಅದನ್ನು ಕಂಡುಹಿಡಿದದ್ದು ಅವ್ವ. ಹರೆಯದಲ್ಲಿ ಅವನು ಸಾಮಿಲ್ಲಿನಲ್ಲಿ ಹತ್ತು ವರ್ಷ ಗರಗಸದ ಪಕ್ಕ ನಿಂತಿದ್ದ, ಅದರ ಫಲ ನಿಧಾನವಾಗಿ ಬಂತು. ಊಟಕ್ಕೆ ಕರೆದರೆ ಓಗೊಡುವುದಿಲ್ಲ ಎಂದು ಅವ್ವ ಎಷ್ಟೋ ದಿನ ಜಗಳ ಕಾದಳು. ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ಅತ್ತಳು. ಒಂದು ಬೆಳಿಗ್ಗೆ ಅವನು ಬಾಗಿಲಿಗೆ ಬೆನ್ನು ಹಾಕಿ ಉಳಿ ಮಸೆಯುತ್ತಿದ್ದಾಗ ಅವಳ ಕೈ ಜಾರಿ ಹಿತ್ತಾಳೆ ತಪ್ಪಲೆ ಕಲ್ಲಿನ ನೆಲಕ್ಕೆ ಬಿತ್ತು. ಹಿತ್ತಲಿನಲ್ಲಿದ್ದ ನಾನು ಬೆಚ್ಚಿ ಓಡಿಬಂದೆ. ಅಪ್ಪ ಮಸೆಯುತ್ತಲೇ ಇದ್ದ. ಅವ್ವ ತಪ್ಪಲೆಯನ್ನೂ ಎತ್ತಿಕೊಳ್ಳದೆ ಗೋಡೆಗೆ ಒರಗಿ ಅವನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಅಂದಿನಿಂದ ಅವಳು ಜಗಳ ಬಿಟ್ಟಳು. ಅಪ್ಪ ಅವಳಿಂದಲೂ ನನ್ನಿಂದಲೂ ದೇವರ ಮುಂದೆ ಆಣೆ ಹಾಕಿಸಿಕೊಂಡ. ಈ ಮಾತು ಹೊರಗೆ ಹೋದರೆ ಮರ ನೋಡುವ ಆಚಾರಿ ಸತ್ತಂತೆ ಎಂದ. ಆಗಲೇ ನಾನು ಅವನ ಕಿವಿಯಾದೆ.

ವ್ಯವಸ್ಥೆ ಹೀಗಿತ್ತು. ಕೊಡತಿ ಹೊಡೆಯುವ ಹದ ಬೇರೆಯವರಿಗೆ ಬರುವುದಿಲ್ಲ ಎಂದು ಹೇಳಿ ಅಪ್ಪ ಆ ತುದಿಯಲ್ಲಿ ತಾನು ಕೂರುತ್ತಿದ್ದ, ನೋಡುವವರಿಗೆ ಕಾಣಲೆಂದು ಹೊಡೆಯುತ್ತಲೇ ಕಿವಿಯನ್ನೂ ಅಲ್ಲೇ ಒತ್ತುತ್ತಿದ್ದ. ಈ ತುದಿಯಲ್ಲಿ ನನ್ನನ್ನು, ಮರ ಅಲುಗದ ಹಾಗೆ ಹಿಡಿದುಕೊಳ್ಳಲು ಎಂಬ ನೆಪದಲ್ಲಿ ಕೂರಿಸುತ್ತಿದ್ದ. ನಾನು ಅಪ್ಪಿಕೊಂಡವಳಂತೆ ಮರಕ್ಕೆ ಕಿವಿ ಒತ್ತುತ್ತಿದ್ದೆ. ಸದ್ದು ಸರಿಯಾಗಿ ಬಂದರೆ ಎರಡೂ ಕೈ ಮರದ ಮೇಲೆ ಹಾಗೇ ಇರಬೇಕು. ನಡುವೆ ಸತ್ತರೆ ಎದ್ದು ಜಡೆಯನ್ನು ಎದೆಯ ಮೇಲಕ್ಕೆ ಎಳೆದುಕೊಳ್ಳಬೇಕು. ಅಪ್ಪ ಒಮ್ಮೆ ನನ್ನತ್ತ ನೋಡಿ, ಗಂಟಲು ಸರಿಮಾಡಿಕೊಂಡು, ತೀರ್ಪು ಹೇಳುತ್ತಿದ್ದ. ನನಗೆ ಅದು ಎಷ್ಟು ಹೆಮ್ಮೆಯ ಕೆಲಸವಾಗಿತ್ತು ಎಂದು ಹೇಳಿದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಲಂಗ ತೊಟ್ಟ ಹುಡುಗಿಯ ಒಂದು ಜಡೆ ಅತ್ತಿತ್ತ ಆದರೆ ಮನೆಯ ಮೇಲೇರಬೇಕಾದ ಮರ ಒಲೆಗೆ ಹೋಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಸೀಟು ನನಗೆ ಬಿಡುತ್ತಿದ್ದ, ಕಡಲೆಕಾಯಿ ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದ. ಸದ್ದು ಎಲ್ಲಿ ನಿಂತಿತು, ಹೇಗೆ ನಿಂತಿತು ಎಂದು ಕೇಳುತ್ತಿದ್ದ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಆಮೇಲೆ ಯಾವ ಗಂಡಸೂ ಕೇಳಲಿಲ್ಲ. ನಮ್ಮ ಮನೆಯ ತೊಲೆಯ ಮಾತು ಬರುವ ಹೊತ್ತಿಗೆ ಹೀಗೆ ಮೂರು ವರ್ಷ ನಡೆದಿತ್ತು. ಆ ಮೂರು ವರ್ಷದಲ್ಲಿ ನಾನು ಹೇಳಿದ ಒಂದು ಮರವೂ ಸುಳ್ಳಾಗಲಿಲ್ಲ.

ನಮ್ಮದು ಆಗ ಹುಲ್ಲಿನ ಮಾಡಿನ ಎರಡು ಕೋಣೆಯ ಮನೆ. ಅಪ್ಪ ಕಡೆಗೂ ಸ್ವಂತಕ್ಕೆ ಹೆಂಚಿನ ಮನೆ ಹಾಕಲು ಹೊರಟಾಗ ವನಗೂರಿನ ಕಡೆಯ ಎಸ್ಟೇಟ್ ಗೌಡರೊಬ್ಬರು ಒಂದು ನಂದಿ ಮರ ಕೊಡುತ್ತೇನೆ ಎಂದರು. ಅವರ ಮನೆಗೆ ತಂದಿದ್ದ ಮರಗಳಲ್ಲಿ ಎರಡನ್ನು ಬೇಡವೆಂದು ಹೇಳಿದ್ದು ಅಪ್ಪ, ಅಂದರೆ ನಾನು. ಕೊಯ್ಯಿಸಿ ನೋಡಿದಾಗ ಎರಡೂ ಒಳಗೆ ಪುಡಿಯಾಗಿದ್ದವು. ಆ ಉಪಕಾರಕ್ಕೆ ಈ ಉಡುಗೊರೆ. ಜೀಪಿನಲ್ಲಿ ನಮ್ಮನ್ನು ಕರೆಸಿಕೊಂಡರು. ಮರ ಅವರ ಕಾಫಿ ಸ್ಟೋರಿನ ಹಿಂದೆ ಎರಡು ವರ್ಷದಿಂದ ಒಣಗಿ ಬಿದ್ದಿತ್ತು, ನೆಟ್ಟಗೆ, ಗಂಟಿಲ್ಲದೆ, ನೋಡಿದರೆ ಕಣ್ಣು ತುಂಬುವಂಥದ್ದು. ಗೌಡರು, ಲೆಕ್ಕ ಬರೆಯುವ ರೈಟರು, ಲೈನುಮನೆಗಳ ಹತ್ತಾರು ಆಳುಗಳು ಸುತ್ತ ನಿಂತರು. ಅಪ್ಪ ಗೀರಿದ. ಸದ್ದು ಹೊರಟಿತು, ನಡುವೆ ಎಲ್ಲೋ ಹೂತುಹೋಯಿತು. ಅಪ್ಪ ಕೊಡತಿಯಲ್ಲಿ ಹೊಡೆದ. ಮತ್ತೆ ಅದೇ. ನಾನು ಎದ್ದು ಜಡೆ ಮುಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಗೌಡರು ಅಪ್ಪನ ಹೆಗಲ ಮೇಲೆ ಕೈ ಹಾಕಿದ್ದರು. ಅಂಥವರು ಆಚಾರಿಯ ಹೆಗಲ ಮೇಲೆ ಕೈ ಹಾಕುವುದು ದಿನವೂ ಆಗುವ ಸಂಗತಿಯಲ್ಲ. ಅವರು ಬಾಯಿ ಅವನ ಮುಖದ ಹತ್ತಿರ ತಂದು ಕೇಳಿದರು.

"ಹೆಂಗೈತೆ ಆಚಾರ್ರೇ, ನಿಮ್ಮನೆಗೆ ಆಗ್ತೈತಾ?"

"ಗಂಟೆ ಇದ್ದಂಗೈತೆ ಗೌಡ್ರೇ. ಮೂರು ತಲೆಮಾರಿಗೆ ಸಾಕು."

ಹೇಳಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದ. ಜಡೆ ನೋಡಿದ. ಅವನ ಮುಖದಲ್ಲಿ ಆಗ ಏನು ಬಂದು ಹೋಯಿತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಅದು ಹೆದರಿಕೆಯಾಗಿತ್ತು. ಅವನು ಮರದ ಉದ್ದಕ್ಕೂ ನಡೆದು ನನ್ನ ಹತ್ತಿರ ಬಂದ. ತನ್ನ ಕೈಯಾರೆ ನನ್ನ ಜಡೆಯನ್ನು ಎದೆಯ ಮೇಲಿಂದ ತೆಗೆದು ಬೆನ್ನ ಹಿಂದಕ್ಕೆ ಹಾಕಿದ. ಗೌಡರಿಗೆ ಇದೇನೂ ಗೊತ್ತಿಲ್ಲ. ಮಗಳು ಏನಂತಾಳೆ ಎಂದು ತಮಾಷೆಗೆ ಕೇಳಿದರು.

"ಹೇಳು ಸಾವಿ, ಚೆನ್ನಾಗೈತೆ ಅಂತ" ಎಂದ ಅಪ್ಪ.

"ಚೆನ್ನಾಗೈತೆ" ಎಂದೆ.

ಎಲ್ಲರೂ ನಕ್ಕರು. ಗೌಡರ ಮನೆಯವರು ನನಗೆ ಒಂದು ಲೋಟ ಹಾಲು, ಎರಡು ಕೋಡುಬಳೆ ಕೊಟ್ಟರು. ಜೀಪಿನಲ್ಲಿ ಅಪ್ಪ ಡ್ರೈವರನ ಪಕ್ಕ ಕೂತ, ನನ್ನನ್ನು ಹಿಂದೆ ಕೂರಿಸಿದ.

ಮನೆಗೆ ಬಂದವಳೇ ಒಲೆಯ ಮುಂದೆ ಅವ್ವನಿಗೆ ಎಲ್ಲ ಹೇಳಿದೆ, ಜಡೆಯ ವಿಷಯವನ್ನೂ. ಅವ್ವ ಅಪ್ಪನಿಗೆ ಮುದ್ದೆ ಬಡಿಸುವಾಗ ಅವನ ಮುಖಕ್ಕೆ ನೇರವಾಗಿ, ಅವನಿಗೆ ತುಟಿ ಕಾಣುವ ಹಾಗೆ ಕೂತು, ಆ ಮರ ಬೇಡ ಎಂದಳು. ಇನ್ನೊಂದು ತಂದರಾಯಿತು, ಬೇಕಾದರೆ ಮಾರಲು ತನ್ನ ಕಿವಿಯ ಓಲೆ ಇದೆ ಎಂದಳು. ಅಪ್ಪ ತಟ್ಟೆ ತಳ್ಳಿದ.

"ಕೊಟ್ಟೋರ ಮುಂದೆ ಒಪ್ಕಂಡು ಬಂದಿದೀನಿ. ಈಗ ಬ್ಯಾಡ ಅಂದ್ರೆ, ಆವತ್ತು ಕಿವಿ ಇಟ್ಟು ಏನ್ ಕೇಳುಸ್ಕಂಡೆ ಅಂತ ಕೇಳಕಿಲ್ವಾ? ಇನ್ನೊಂದ್ಸಲ ಈ ಮಾತು ಈ ಮನೇಲಿ ಬರಂಗಿಲ್ಲ."

ಬರಲಿಲ್ಲ. ಅವ್ವ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. ನನಗೆ ಅವತ್ತು ಅಪ್ಪನಿಗಿಂತ ಅವಳ ಮೇಲೆ ಹೆಚ್ಚು ಕೋಪ ಬಂತು. ತೊಲೆ ಏರಿಸುವ ದಿನ ಮಾವಿನ ಎಲೆ ಕಟ್ಟಿ, ಕಾಯಿ ಒಡೆದು, ಅರಿಶಿನ ಕುಂಕುಮ ಹಚ್ಚಲು ನನ್ನನ್ನೇ ಕರೆದರು. ನಾನು ನಡುಭಾಗಕ್ಕೆ ಹಚ್ಚದೆ ಎರಡು ತುದಿಗೆ ಮಾತ್ರ ಹಚ್ಚಿ ಇಳಿದೆ. ಯಾರೂ ಗಮನಿಸಲಿಲ್ಲ.

ಆ ತೊಲೆಯ ಮೇಲೆ ಅಟ್ಟ, ಅಟ್ಟದ ಮೇಲೆ ರಾಗಿ ಮೂಟೆಗಳು. ತೊಲೆಯ ಕೆಳಗೆ ಅವ್ವನ ತವರಿನಿಂದ ಬಂದ ಹಲಸಿನ ಬೀರು. ಅದರ ತಲೆಯ ಮೇಲೆ ಬಳ್ಳಿ, ನವಿಲು ಕೆತ್ತಿದ ಒಂದು ಅಗಲವಾದ ಪಟ್ಟಿಯಿತ್ತು. ಪಟ್ಟಿಗೂ ತೊಲೆಗೂ ನಡುವೆ ಮೊದಲು ನಾಲ್ಕು ಬೆರಳು ಜಾಗವಿತ್ತು. ಅವ್ವ ಅಲ್ಲಿ ಕನ್ನಡಿ ಪೆಟ್ಟಿಗೆ ಇಡುತ್ತಿದ್ದಳು. ಎರಡನೇ ವರ್ಷ ಪೆಟ್ಟಿಗೆ ಹಿಡಿಸಲಿಲ್ಲ. ಮೂರನೇ ವರ್ಷ ಬೀರುವಿನ ಬಾಗಿಲು ಬಿಗಿಯಾಗತೊಡಗಿತು. ತೊಲೆ ಜಗ್ಗಿ ನವಿಲಿನ ಕುತ್ತಿಗೆಯ ಮೇಲೆ ಕೂತಿತ್ತು. ಮರದ ವಿಷಯದಲ್ಲಿ ತಾಲ್ಲೂಕಿಗೇ ಬುದ್ಧಿ ಹೇಳುವ ಅಪ್ಪ ಆಗ ಮಾಡಿದ ಕೆಲಸವನ್ನು ಬೇರೆ ಯಾವ ಬಡಗಿಯೂ ಮಾಡಿರಲಾರ. ಅವನು ತೊಲೆಯತ್ತ ಕತ್ತೆತ್ತಿಯೂ ನೋಡದೆ ಬೀರುವಿನ ಪಟ್ಟಿಯನ್ನು ಒಂದಂಗುಲ ಹೆರೆದ. ಮಳೆಗಾಲಕ್ಕೆ ಹಲಸು ಊದಿಕೊಂಡಿದೆ ಎಂದ. ಮರುವರ್ಷ ಇನ್ನೊಂದಂಗುಲ ಹೆರೆದ. ನವಿಲುಗಳ ತಲೆ ಹೋಗಿ ಬರೀ ಬಾಲ ಉಳಿದವು.

"ತೊಲೆ ಎತ್ತಕ್ಕಾಗ್ದೆ ನನ್ನ ಬೀರು ತಲೆ ಕಡೀತಿದೀರಲ್ಲ" ಎಂದಳು ಅವ್ವ.

ಅಪ್ಪ ಕೇಳಿಸದವನಂತೆ ಹೆರೆಯುತ್ತಲೇ ಇದ್ದ. ಅವನ ಕಿವುಡು ಬೇಕಾದಾಗ ಹೆಚ್ಚಾಗುತ್ತಿತ್ತು, ಬೇಡವಾದಾಗ ಕಡಿಮೆಯಾಗುತ್ತಿತ್ತು.

ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಸುಗ್ಗಿ ಮುಗಿದು ಅಟ್ಟ ತುಂಬಿತ್ತು. ಭಾನುವಾರ, ಮಧ್ಯಾಹ್ನದ ಹೊತ್ತು. ನಾನು ಅಂಗಳದಲ್ಲಿ ಮೆಣಸು ಹರವುತ್ತಿದ್ದೆ. ಒಳಗೆ ಅವ್ವ ಬೀರುವಿನಿಂದ ಸೀರೆ ತೆಗೆಯುತ್ತಿದ್ದಳು. ಒಂದು ಸದ್ದು ಬಂತು. ಅದು ತೊಲೆ ಎಂದು ನನಗೆ ತಕ್ಷಣ ಗೊತ್ತಾಯಿತು, ಐದು ವರ್ಷದಿಂದ ಅದಕ್ಕೇ ಕಾಯುತ್ತಿದ್ದವಳಲ್ಲವೇ. ಓಡಿಹೋಗಿ ನೋಡಿದರೆ ತೊಲೆ ಉದ್ದಕ್ಕೆ ಸೀಳಿ, ಅಟ್ಟ ಓರೆಯಾಗಿ, ಒಂದು ಮೂಟೆ ಜಾರಿ ಅವ್ವನ ಬಲಭುಜದ ಮೇಲೆ ಬಿದ್ದಿತ್ತು. ತೊಲೆ ಪೂರ್ತಿ ಕೆಳಗೆ ಬರಲಿಲ್ಲ. ತಲೆ ಕಡಿಸಿಕೊಂಡ ಆ ಬೀರುವೇ ಅದನ್ನು ಹೊತ್ತುಕೊಂಡು ನಿಂತಿತ್ತು. ಇಲ್ಲದಿದ್ದರೆ ಅವ್ವ ಇರುತ್ತಿರಲಿಲ್ಲ. ಆಲೂರಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದರು. ಮೂಳೆ ಕೂಡಿತು, ಕೈ ಮಾತ್ರ ಮತ್ತೆ ಎದೆಯ ಮಟ್ಟದಿಂದ ಮೇಲೇಳಲಿಲ್ಲ. ಅಲ್ಲಿಂದಾಚೆಗೆ ಅವಳ ತಲೆ ಬಾಚಿದ್ದು ನಾನು.

ಮರುದಿನ ಊರವರು ನೋಡಲು ಬಂದರು. ಅಪ್ಪ ಅಷ್ಟರಲ್ಲಿ ಸೀಳಿಗೆ ಕಬ್ಬಿಣದ ಪಟ್ಟಿ ಬಿಗಿದು, ಕೆಳಗೆ ಒಂದು ಕಂಬ ಕೊಟ್ಟು ನಿಲ್ಲಿಸಿದ್ದ. ಗಿಳಿ, ಕಮಲ ಎಲ್ಲ ಆಮೇಲೆ ಬಂದವು. ಜಗಲಿಯಲ್ಲಿ ಅವನ ಎದುರಿಗೇ ಕೂತವರೊಬ್ಬರು, ನೀವು ನೋಡಿದ ಮರವೇ ಹೀಗಾದರೆ ನಮ್ಮ ಮನೆಗಳ ಗತಿ ಏನು ಮಾರಾಯರೇ ಎಂದು ಕೇಳಿದರು. ನಾನು ಅವರಿಗೆ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ನನ್ನನ್ನು ನೋಡಿದ. ಕಿವುಡ ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ ಗೊತ್ತಿದ್ದೂ ಏರಿಸಿದೆ ಎಂದು ಒಪ್ಪಿಕೊಳ್ಳಬೇಕು. ಅವನು ಮೂರನೆಯದನ್ನು ಹುಡುಕಿದ.

"ಅದೊಂದು ಮರಕ್ಕೆ ನಾನ್ ಕಿವಿ ಇಟ್ಟಿರ್ಲಿಲ್ಲ ಕಣ್ರೀ. ನಮ್ ಮನೇದಲ್ವಾ, ನಾನೇ ಕೇಳ್ತೀನಿ ಅಂತ ಕೂಸು ಆಸೆ ಬಿತ್ತು. ಬುಟ್ಟೆ. ಚೆನ್ನಾಗೈತೆ ಅಂದ್ಬುಡ್ತು. ಬೇಕಾರೆ ವನಗೂರು ಗೌಡ್ರನ್ನ ಕೇಳಿ, ಅವರ ಮುಂದೇನೇ ಅಂದಿದ್ದು."

ಎಲ್ಲರೂ ನನ್ನ ಕಡೆ ನೋಡಿದರು. ಬೈಯಲಿಲ್ಲ, ಅಯ್ಯೋ ಪಾಪ ಎಂದರು. ಮಕ್ಕಳ ಮಾತು ಕೇಳಬಾರದಾಗಿತ್ತು ಎಂದರು. ನಾನು ಕಾಫಿ ಲೋಟಗಳನ್ನು ಒಂದೊಂದಾಗಿ ಕೊಟ್ಟು ಒಳಗೆ ಬಂದೆ. ಅವ್ವ ಚಾಪೆಯ ಮೇಲೆ ಮಲಗಿದ್ದಳು, ಅವಳಿಗೂ ಎಲ್ಲ ಕೇಳಿಸಿತ್ತು. ಅವಳು ಎದ್ದು ಹೊರಗೆ ಹೋಗಿ ಒಂದು ಮಾತು ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಎಡಗೈಯಿಂದ ನನ್ನ ಕೈ ಹಿಡಿದುಕೊಂಡಳು, ಅಷ್ಟೇ. ಅವ್ವನ ಕೈ ಮುರಿದದ್ದು ನನ್ನಿಂದ ಎಂಬುದು ಹೀಗೆ ಊರಿನ ಮಾತಾಯಿತು. ಶಾಲೆಯಲ್ಲಿ ಹುಡುಗರು ನನ್ನನ್ನು ಕಂಡರೆ ಬೆಂಚಿಗೆ ಕಿವಿ ಒತ್ತಿ ಕೂರುತ್ತಿದ್ದರು. ಅಪ್ಪನನ್ನು ಕರೆಯುವುದೇನೂ ನಿಲ್ಲಲಿಲ್ಲ. ಅವನು ಕಿವಿ ಇಡುವುದನ್ನೇ ಬಿಟ್ಟುಬಿಟ್ಟ, ಇಷ್ಟು ವರ್ಷದ ಮೇಲೆ ಕಣ್ಣಿಗೇ ಗೊತ್ತಾಗುತ್ತದೆ ಎಂದ. ಅವನು ಬರೀ ಕಣ್ಣಿನಿಂದ ಒಪ್ಪಿಕೊಟ್ಟ ತೊಲೆಗಳ ಕೆಳಗೆ ಎಷ್ಟು ಮನೆಯವರು ಮಲಗಿದ್ದಾರೋ ಎಂದು ನಾನು ಒಬ್ಬಳೇ ಹೆದರುತ್ತಿದ್ದೆ. ಬಾಯಿ ಬಿಡಲಿಲ್ಲ. ಯಾರು ಏನು ಕೇಳಿದರೂ ಮೊದಲು 'ಚೆನ್ನಾಗಿದೆ' ಎನ್ನುವ ಬುದ್ಧಿ ನನಗೆ ಅಂಟಿಕೊಂಡದ್ದು ಆ ಮನೆಯಲ್ಲೇ. ಮದುವೆಗೆ ಗಂಡು ಒಪ್ಪಿಗೆಯೇ ಎಂದು ಕೇಳಿದಾಗಲೂ ನಾನು ಅದನ್ನೇ ಹೇಳಿದೆ.

ಮದುವೆಯಾಗಿ ಆಲೂರಿಗೆ ಬಂದ ಎಷ್ಟೋ ವರ್ಷದ ಮೇಲೆ ಅಪ್ಪ ಹೆಂಚು ತೆಗೆಸಿ ತಾರಸಿ ಹಾಕಿಸಲು ಹೊರಟ. ತೊಲೆ ಕೆಳಗಿಳಿಯಿತು. ಸೀಳಿದ್ದರೂ ನಂದಿ ಮರವಲ್ಲವೇ, ಕೊಯ್ಯಿಸಿದರೆ ಎರಡು ಬಾಗಿಲ ಚೌಕಟ್ಟಿಗಾದರೂ ಆಗುತ್ತದೆ ಎಂದು ಸಾಮಿಲ್ಲಿಗೆ ಸಾಗಿಸಿದ. ಅವತ್ತು ನಾನು ತವರಿನಲ್ಲಿದ್ದೆ. ಅವ್ವ ಒಲೆಗೆ ಚಕ್ಕೆ ಆರಿಸಿಕೊಳ್ಳಲು ಗೋಣಿಚೀಲ ಹಿಡಿದು ಹೊರಟಳು, ನಾನೂ ಜೊತೆಗೆ ಹೋದೆ. ಗರಗಸ ತೊಲೆಯೊಳಗೆ ಹೊಕ್ಕು ಒಂದೇ ಸಮನೆ ಕೂಗುತ್ತಿತ್ತು. ಒಂದು ಮಾರು ಹೋದ ಮೇಲೆ ಕೂಗು ಇದ್ದಕ್ಕಿದ್ದಂತೆ ಇಳಿಯಿತು. ಅದೇ ಜಾಗ, ಅದೇ ಸದ್ದು. ಹಲಗೆ ಎರಡಾಗಿ ಬಿದ್ದಾಗ ನಡುವೆ ತೋಳುದ್ದದ ಪೊಟರೆ, ಅದರಿಂದ ಕಪ್ಪು ಪುಡಿ ಧಾರೆಯಾಗಿ ಸುರಿಯಿತು. ಮಿಲ್ಲಿನವರು ಗರಗಸ ನಿಲ್ಲಿಸಿ ಅಪ್ಪನ ಮುಖ ನೋಡಿದರು. ಅಪ್ಪನಿಗೆ ಆ ಹೊತ್ತಿಗೆ ಕಿವಿ ಪೂರ್ತಿ ಹೋಗಿತ್ತು, ಬಾಯಿಯನ್ನು ಹತ್ತಿರ ತಂದು ಕೂಗಿದರೆ ಮಾತ್ರ ಅಷ್ಟಿಷ್ಟು. ಅವನು ಬಗ್ಗಿ ಪೊಟರೆಯೊಳಗೆ ಕೈ ಹಾಕಿ, ಒಂದು ಮುಷ್ಟಿ ಪುಡಿ ತೆಗೆದು, ನನ್ನ ಕಡೆ ತಿರುಗಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಅವತ್ತೇ ಒಂದ್ಮಾತು ಹೇಳ್ಬಾರ್ದಾಗಿತ್ತಾ ಸಾವಿ."

ಅವನು ನಾಟಕವಾಡುತ್ತಿರಲಿಲ್ಲ. ಅದು ನನಗೆ ಅವನ ಮುಖ ನೋಡಿದ ಕೂಡಲೇ ಗೊತ್ತಾಯಿತು. ಇಷ್ಟು ವರ್ಷ ಜಗಲಿಯಲ್ಲಿ ಕೂತು ಕೂತು ಹೇಳಿದ ಕಥೆಯನ್ನು ಅವನೇ ನಂಬಿಬಿಟ್ಟಿದ್ದ. ಅವನ ಬೆನ್ನ ಹಿಂದೆ ಕೂತು ಎಡಗೈಯಿಂದ ಚಕ್ಕೆ ತುಂಬುತ್ತಿದ್ದ ಅವ್ವ ತಲೆ ಎತ್ತದೆಯೇ ಮಾತಾಡಿದಳು.

"ಹೇಳಿದ್ಲು. ಜಡೆ ಹಿಂದಕ್ಕೆ ಹಾಕಿದ್ದು ನೀವೇ."

ಮಿಲ್ಲಿನವರಿಗೆ ಅರ್ಥವಾಗಲಿಲ್ಲ. ಅವರು ನಮ್ಮ ಮೂವರನ್ನೂ ನೋಡಿದರು. ಅವರೆಲ್ಲ ಅವ್ವನತ್ತ ನೋಡಿದ್ದನ್ನು ಕಂಡು ಅಪ್ಪನಿಗೆ ಅವಳೇನೋ ಅಂದಳೆಂದು ತಿಳಿಯಿತು. ಹಳೆಯ ಅಭ್ಯಾಸದಂತೆ ನನ್ನ ಮುಖದ ಹತ್ತಿರ ಕಿವಿ ತಂದ.

"ಏನಂದ್ಲು ನಿಮ್ಮವ್ವ?"

ಇಷ್ಟು ವರ್ಷದ ಮೇಲೆ ಮತ್ತೆ ನಾನು ಅವನ ಕಿವಿಯಾಗಿದ್ದೆ. ಮೂರು ಮಾತು ಜೋರಾಗಿ ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಅವನಿಗೆ ಆ ಸ್ಟೋರಿನ ಹಿಂಭಾಗ, ಆ ಜಡೆ ಎಲ್ಲ ನೆನಪಾಗುತ್ತಿತ್ತೋ ಏನೋ. ಅತ್ತು, ತಪ್ಪಾಯಿತು ಎನ್ನುತ್ತಿದ್ದನೋ ಏನೋ. ಆಮೇಲೆ ನಾವು ಕ್ಷಮಿಸಬೇಕಾಗುತ್ತಿತ್ತು. ಅವನು ಹಗುರಾಗಿ ಮನೆಗೆ ಹೋಗುತ್ತಿದ್ದ. ನನಗೆ ಅದು ಬೇಕಿರಲಿಲ್ಲ.

"ಒಲೆಗೆ ಚೆನ್ನಾಗೈತೆ ಅಂದ್ಲು" ಎಂದು ಅವನ ಕಿವಿಯಲ್ಲಿ ಕೂಗಿದೆ.

ಅಪ್ಪ ಸಮಾಧಾನದಿಂದ ತಲೆಯಾಡಿಸಿದ. ಕೈಯಲ್ಲಿದ್ದ ಪುಡಿಯನ್ನು ಪಂಚೆಗೆ ಒರೆಸಿಕೊಂಡು, ನಂದಿ ಹೌದು, ಉರಿ ಚೆನ್ನಾಗಿ ಕೊಡುತ್ತದೆ ಎಂದು ಮಿಲ್ಲಿನವರಿಗೆ ವಿವರಿಸತೊಡಗಿದ. ಅವ್ವ ಒಮ್ಮೆ ನನ್ನ ಮುಖ ನೋಡಿದಳು. ಚೀಲದ ಬಾಯಿ ಕಟ್ಟಿ ಒಂದು ತುದಿಯನ್ನು ನನ್ನ ಕಡೆ ಚಾಚಿದಳು. ಅದನ್ನು ಎತ್ತಲು ಅವಳಿಗೆ ಒಂದು ಕೈ ಸಾಲುತ್ತಿರಲಿಲ್ಲ.